ಬೋಳು ಬಿದ್ದ ಕಡಲತಳದಲ್ಲಿ ಕೆಲ್ಪ್ ಕಾಡನ್ನು ಮತ್ತೆ ಬೆಳೆಸುವುದು

ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಸಸಿಯನ್ನು ಕಲ್ಲಿಗೆ ಕೂರಿಸುವುದು ಈ ಇಡೀ ಕೆಲಸದಲ್ಲಿ ಕೊನೆಗೆ ಬರುವ ಹಂತ. ಕಾಡನ್ನು ಅಳಿಸಿದ ಕಾರಣ ಇನ್ನೂ ಅಲ್ಲೇ ಇದ್ದರೆ ನೆಟ್ಟದ್ದೆಲ್ಲ ಕೆಲವೇ ವಾರಗಳಲ್ಲಿ ಕಾಣೆಯಾಗುತ್ತದೆ. ಕೈತಪ್ಪಿದ ಯೋಜನೆಗಳ ಪೈಕಿ ಬಹುಪಾಲು ಇಲ್ಲೇ ಎಡವಿರುತ್ತವೆ. ಆದ್ದರಿಂದ ಮೊದಲು ಗಿಡದ ಬದುಕು, ಆಮೇಲೆ ಕಾರಣ ಹುಡುಕುವುದು, ಆಮೇಲೆ ಬಿತ್ತನೆ.

ಗಿಡದ ಅರ್ಧ ಬದುಕು ಕಣ್ಣಿಗೆ ಕಾಣುವುದಿಲ್ಲ

ಕೆಲ್ಪ್ ತಣ್ಣನೆಯ, ಪೋಷಕಾಂಶ ಹೆಚ್ಚಿರುವ ನೀರಿನ ದೊಡ್ಡ ಕಂದು ಪಾಚಿ. ಅದರ ಬುಡದಲ್ಲಿ ಬೇರಿನಂತೆ ಕಾಣುವ ಭಾಗ ಏನನ್ನೂ ಹೀರುವುದಿಲ್ಲ. ಕಲ್ಲನ್ನು ಬಿಗಿಯಾಗಿ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ; ಅದನ್ನು ಇಲ್ಲಿ ಹಿಡಿಬುಡ ಎಂದು ಕರೆಯೋಣ. ಬೇಕಾದ ಪೋಷಕಾಂಶವೆಲ್ಲ ಎಲೆಯ ಮೈಯಿಂದಲೇ ಒಳಹೋಗುತ್ತದೆ. ಮ್ಯಾಕ್ರೋಸಿಸ್ಟಿಸ್ ಎಂಬ ದೈತ್ಯ ಕೆಲ್ಪ್ ಅನುಕೂಲವಿದ್ದರೆ ದಿನಕ್ಕೆ 30 ಸೆಂ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. ಇಷ್ಟು ಬಿರುಸಾಗಿ ಬೆಳೆಯುವ ಗಿಡ ವರ್ಷಗಟ್ಟಲೆ ಮರಳಿ ಬರುತ್ತಿಲ್ಲ ಎಂದರೆ ಯಾವುದೋ ತಡೆ ಗಟ್ಟಿಯಾಗಿ ಕೂತಿದೆ.

ಬಲಿತ ಎಲೆಯ ಮೇಲೆ ಕಡುಕಂದು ಬಣ್ಣದ, ಸ್ವಲ್ಪ ಉಬ್ಬಿದ ಪಟ್ಟೆಗಳು ಮೂಡುತ್ತವೆ. ಬೆರಳಾಡಿಸಿದರೆ ಉಳಿದ ಎಲೆಗಿಂತ ದಪ್ಪವಾಗಿ, ತುಸು ಒರಟಾಗಿ ತಾಗುತ್ತವೆ. ಇವೇ ಸೋರಸ್, ಬೀಜಕಗಳ ಗೂಡು. ಅಲ್ಲಿಂದ ಲಕ್ಷಗಟ್ಟಲೆ ಬೀಜಕಗಳು ಈಜುತ್ತಾ ಹೊರಬಂದು, ಕಲ್ಲಿನ ಮೇಲೆ ಕೂತು, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಗಂಡು ಮತ್ತು ಹೆಣ್ಣು ಎಳೆಗಳಾಗುತ್ತವೆ. ಇವನ್ನು ಗ್ಯಾಮೆಟೋಫೈಟ್ ಎನ್ನುತ್ತಾರೆ. ಗಂಡು ಹೆಣ್ಣು ಎರಡೂ ಸುಮಾರು ಒಂದು ಮಿಲಿಮೀಟರ್ ಅಂತರದೊಳಗೆ ಇದ್ದರೆ ಮಾತ್ರ ಫಲ ಕಟ್ಟಿ, ನಮಗೆ ಗೊತ್ತಿರುವ ದೊಡ್ಡ ಗಿಡ ಹುಟ್ಟುತ್ತದೆ.

ಆ ಒಂದು ಮಿಲಿಮೀಟರ್ ಮುಂದಿನ ಎಲ್ಲ ನಿರ್ಧಾರಗಳನ್ನೂ ಆಳುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ನೆಟ್ಟರೆ ಬೀಜಕಗಳು ನೀರಿನಲ್ಲಿ ಚದುರಿ, ಜೋಡಿ ಸಿಗದೆ ಸಾಯುತ್ತವೆ. ನೂರು ಗಿಡಗಳಿದ್ದರೆ ಅವನ್ನು ಒಂದು ಹೆಕ್ಟೇರಿಗೆ ಹರಡಬೇಡಿ. ಕೆಲವೇ ಚದರ ಮೀಟರಿನ ತುಂಡುಗಳಲ್ಲಿ ಒತ್ತಾಗಿ ಹಾಕಿ. ಒತ್ತಾದ ಗುಂಪು ತನ್ನ ನೆರಳಿನಿಂದ ಸಣ್ಣ ಹುಲ್ಲುಪಾಚಿಯನ್ನು ಹತ್ತಿಕ್ಕುತ್ತದೆ, ಎಲೆ ಬೀಸಿ ತಳವನ್ನು ಗುಡಿಸುತ್ತದೆ, ಮರಿಗಳಿಗೆ ಅಲೆಯ ಹೊಡೆತ ತಗ್ಗಿಸುತ್ತದೆ.

ಫಿಲ್ಲೋಸ್ಪೋರಾ, ಸಿಸ್ಟೋಸೈರಾ, ಸರ್ಗಾಸಮ್ ಎಂಬ ಬೇರೆ ಕಂದು ಪಾಚಿಗಳ ಕಾಡುಗಳ ದಾರಿ ಬೇರೆ. ಇವಕ್ಕೆ ಗ್ಯಾಮೆಟೋಫೈಟ್ ಹಂತವೇ ಇಲ್ಲ. ಫಲಗೊಂಡ ಮೊಟ್ಟೆ ತಾಯಿಗಿಡದ ಹತ್ತಿರವೇ ಬಿದ್ದು ಕಚ್ಚಿಕೊಳ್ಳುತ್ತದೆ. ಕೆಲವು ಜಾತಿಗಳಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ. ಅಂಥಲ್ಲಿ ಎರಡನ್ನೂ ಒಟ್ಟಿಗೆ ನೆಡದಿದ್ದರೆ ಒಂದು ಮರಿಯೂ ಹುಟ್ಟದು.

ಕಾಡು ಹೋದದ್ದು ಯಾಕೆ

ತಳಕ್ಕೆ ಇಳಿದ ಮೊದಲ ದಿನವೇ ಅರ್ಧ ಉತ್ತರ ಕಣ್ಣಿಗೆ ಬೀಳುತ್ತದೆ. ಕಲ್ಲಿನ ಮೇಲೆ ಗುಲಾಬಿ ಬಣ್ಣದ ಸುಣ್ಣಪಾಚಿಯ ತೆಳು ಪದರ ಬಿಟ್ಟರೆ ಬೇರೇನೂ ಇಲ್ಲ, ಅರ್ಚಿನ್‌ಗಳು (ಮೈತುಂಬ ಮುಳ್ಳಿರುವ ಚೆಂಡಿನಂಥ ಪ್ರಾಣಿಗಳು) ಹಗಲಲ್ಲೇ ಬಯಲಿನಲ್ಲಿ ಕೂತಿವೆ ಎಂದರೆ ಅದು ಅರ್ಚಿನ್ ಬಯಲು. ಒಂದನ್ನು ಒಡೆದು ನೋಡಿ. ಕೆಲ್ಪ್ ತಿಂದು ಬದುಕುವ ಅರ್ಚಿನ್‌ನ ಒಳಗೆ ಹಳದಿ ಬಣ್ಣದ ಐದು ತುಂಬಿದ ಗೆಡ್ಡೆಗಳಿರುತ್ತವೆ. ಬಯಲಿನದರಲ್ಲಿ ಅವು ಕಂದು ದಾರದಂತೆ ಬತ್ತಿರುತ್ತವೆ. ಹೀಗೆ ಹಸಿದೇ ಅವು ವರ್ಷಗಟ್ಟಲೆ ಬದುಕಬಲ್ಲವು. ತಿನ್ನಲು ಇಲ್ಲದಾಗ ತಾವೇ ಸಾಯುತ್ತವೆ ಎಂದು ಕಾಯುತ್ತಾ ಕೂತರೆ ಕಾಡು ಬರುವುದಿಲ್ಲ.

ಅರ್ಚಿನ್ ಬದಲಿಗೆ ಕಲ್ಲಿನ ಮೇಲೆ ಬೆರಳುದ್ದಕ್ಕೂ ಕಡಿಮೆ ಎತ್ತರದ ಹುಲ್ಲುಪಾಚಿಯ ಚಾಪೆ, ಅದರೊಳಗೆ ಮೆತ್ತನೆಯ ಹೂಳು ಕಂಡರೆ ಸಮಸ್ಯೆ ದಡದಿಂದ ಬಂದದ್ದು: ಕೊಳಚೆ, ಗೊಬ್ಬರ, ಮಣ್ಣು. ಅಂಗೈ ಬೀಸಿ ನೋಡಿ. ಮೋಡದಂತೆ ಹೂಳು ಎದ್ದರೆ ಆ ಕಲ್ಲಿಗೆ ಬೀಜಕ ಅಂಟುವುದಿಲ್ಲ. ಅಂಟಲು ಬರಿಕಲ್ಲು ಬೇಕು. ಎಲೆಯ ಅಂಚಿನಲ್ಲಿ ಅರ್ಧಚಂದ್ರದ ಕಚ್ಚುಗಳು, ಎಲೆ ಪೂರ್ತಿ ಹೋಗಿ ಕಾಂಡ ಮಾತ್ರ ನಿಂತಿರುವುದು ಕಂಡರೆ ಮೀನು ಮೇಯುತ್ತಿದೆ. ಜಪಾನಿನಲ್ಲಿ ಮೊಲಮೀನು, ಗಿಳಿಮೀನುಗಳಿಂದ ಇದು ದೊಡ್ಡ ತೊಂದರೆಯಾಗಿದೆ. ಕಾಡು ಬೋಳಾಗುವುದಕ್ಕೆ ಅಲ್ಲಿ ಇಸೋಯಾಕೆ ಎಂಬ ಹೆಸರೇ ಇದೆ.

ಬಿಸಿ ನೀರು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಅಳೆಯಲೇಬೇಕು. ಗಂಟೆಗೊಮ್ಮೆ ಉಷ್ಣಾಂಶ ಬರೆದುಕೊಳ್ಳುವ ಲಾಗರನ್ನು ತಳದಲ್ಲೇ ಬೋಲ್ಟ್ ಹಾಕಿ ಕೂರಿಸಿ, ಕನಿಷ್ಠ ಒಂದು ಬೇಸಿಗೆ ದಾಟಲಿ. ಮೇಲ್ಮೈಯ ಉಪಗ್ರಹ ಮಾಹಿತಿ 10 ಮೀಟರ್ ಆಳದ ಕತೆಯನ್ನು ಸರಿಯಾಗಿ ಹೇಳುವುದಿಲ್ಲ. ಬಿಸಿ ನೀರು ಬಂದಾಗ ಅದರ ಹಿಂದೆಯೇ ನೈಟ್ರೇಟ್ ಎಂಬ ಪೋಷಕಾಂಶದ ಕೊರತೆಯೂ ಬರುತ್ತದೆ, ಗಿಡಕ್ಕೆ ಎರಡು ಕಡೆಯಿಂದ ಪೆಟ್ಟು.

ಬಹಳ ಸಲ ಕಾರಣಗಳು ಸರಪಳಿಯಾಗಿರುತ್ತವೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ನಕ್ಷತ್ರಮೀನುಗಳಿಗೆ ಕರಗುರೋಗ ಬಂದು, ಅರ್ಚಿನ್ ತಿನ್ನುವ ಸೂರ್ಯಕಾಂತಿ ನಕ್ಷತ್ರಮೀನು ಬಹುತೇಕ ನಾಶವಾಯಿತು. 2014ರಿಂದ 2016ರವರೆಗೆ ಕಡಲ ಬಿಸಿಗಾಳಿ (ಸಮುದ್ರದ ನೀರು ಬಹುಕಾಲ ಮಾಮೂಲಿಗಿಂತ ಬಿಸಿಯಾಗಿರುವುದು) ಕೆಲ್ಪನ್ನು ಸೊರಗಿಸಿತು. ಬೇಟೆಗಾರನಿಲ್ಲದೆ ಹೆಚ್ಚಿದ ನೇರಳೆ ಅರ್ಚಿನ್‌ಗಳು ಉಳಿದದ್ದನ್ನು ತಿಂದವು. ಅಲ್ಲಿನ ಬುಲ್ ಕೆಲ್ಪ್ ಶೇ. 90ಕ್ಕೂ ಹೆಚ್ಚು ಹೋಯಿತು. ಇಂಥ ಕಡೆ ಬೀಜ ಎರಚುವುದರಿಂದ ಏನೂ ಆಗದು, ಅರ್ಚಿನ್ ಇಳಿಯಲೇಬೇಕು.

ಕೆಲವೊಮ್ಮೆ ಕಾರಣ ತೆಗೆದರೆ ನೆಡುವ ಅಗತ್ಯವೇ ಬೀಳುವುದಿಲ್ಲ. ನ್ಯೂಜಿಲೆಂಡಿನ ಲೀ ಎಂಬಲ್ಲಿ 1975ರಲ್ಲಿ ಕಡಲ ಮೀಸಲು ಮಾಡಿ ಮೀನುಗಾರಿಕೆ ನಿಲ್ಲಿಸಿದ ಮೇಲೆ ಸ್ನ್ಯಾಪರ್ ಮೀನು, ಲಾಬ್‌ಸ್ಟರ್ ಹೆಚ್ಚಿ, ಅವು ಅರ್ಚಿನ್ ತಿಂದು, ಕೆಲ್ಪ್ ತಾನಾಗಿ ಮರಳಿತು. ಹತ್ತಿರದಲ್ಲೇ ಜೀವಂತ ಕಾಡಿದ್ದು, ನೀರಿನ ಹರಿವು ಅಲ್ಲಿಂದ ನಿಮ್ಮ ಜಾಗದತ್ತ ಬರುತ್ತಿದ್ದರೆ, ಕಾರಣ ಸರಿಪಡಿಸಿ ಒಂದು ಹಂಗಾಮು ಕಾಯಿರಿ. ಕಾಡು ಬಹಳ ದೂರ ಇದ್ದರೆ ಬಿತ್ತಲೇಬೇಕು. ಸಿಡ್ನಿಯ ಸುಮಾರು 70 ಕಿ.ಮೀ. ಕರಾವಳಿಯಿಂದ 1980ರ ದಶಕದ ಹೊತ್ತಿಗೆ ಫಿಲ್ಲೋಸ್ಪೋರಾ ಕಾಣೆಯಾಯಿತು. ಕೊಳಚೆಯನ್ನು ಆಳ ಕಡಲಿಗೆ ತಿರುಗಿಸಿ ನೀರು ತಿಳಿಯಾದ ಮೇಲೂ ಅದು ತಾನಾಗಿ ಮರಳಲಿಲ್ಲ. 2011ರಿಂದ ಈಚೆಗೆ ಗಂಡು-ಹೆಣ್ಣು ಗಿಡಗಳನ್ನು ತಂದು ನೆಟ್ಟಾಗಲೇ ಮರಿಗಳು ಹುಟ್ಟಿದ್ದು.

ಕೆಲಸಕ್ಕೆ ಮುಂಚೆ ಲೆಕ್ಕ ಬರೆದಿಡಿ: 30 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಗಳು ಕನಿಷ್ಠ ಆರು, ಪ್ರತಿ ಪಟ್ಟಿಯಲ್ಲಿ ಗಿಡ, ಅರ್ಚಿನ್, ಅರ್ಚಿನ್ ತಿನ್ನುವ ಪ್ರಾಣಿಗಳ ಎಣಿಕೆ. ಅದೇ ಥರದ ಇನ್ನೊಂದು ಜಾಗವನ್ನೂ ಆರಿಸಿ, ಅಲ್ಲಿ ಏನೂ ಮಾಡದೆ ಲೆಕ್ಕ ಮಾತ್ರ ತೆಗೆಯಿರಿ. ಅದಿಲ್ಲದಿದ್ದರೆ ಕಾಡು ಬಂದದ್ದು ನಿಮ್ಮ ಕೆಲಸದಿಂದಲೋ, ಆ ವರ್ಷ ನೀರು ತಣ್ಣಗಿದ್ದುದರಿಂದಲೋ ಎಂದು ಯಾರಿಗೂ ಹೇಳಲಾಗದು. ಬೀಜ ಕೊಯ್ಯುವುದಕ್ಕೆ, ಅರ್ಚಿನ್ ತೆಗೆಯುವುದಕ್ಕೆ, ತಳದಲ್ಲಿ ಏನನ್ನಾದರೂ ಕೂರಿಸುವುದಕ್ಕೆ ಸಾಮಾನ್ಯವಾಗಿ ಬೇರೆಬೇರೆ ಅನುಮತಿ ಬೇಕಾಗುತ್ತದೆ. ಕಾಗದ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು, ಹಂಗಾಮು ನಿಮಗಾಗಿ ಕಾಯುವುದಿಲ್ಲ.

ಅರ್ಚಿನ್ ಇಳಿಸುವುದು

ಕಾಡನ್ನು ಬಯಲು ಮಾಡಲು ಎಷ್ಟು ಅರ್ಚಿನ್ ಬೇಕೋ, ಬಯಲು ಮತ್ತೆ ಕಾಡಾಗಲು ಅದರ ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಬೇಕು. ಅರ್ಧಕ್ಕೆ ಇಳಿಸಿದೆವು, ಕಾಲು ಭಾಗಕ್ಕೆ ಇಳಿಸಿದೆವು ಎಂದು ನಿಲ್ಲಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ದಕ್ಷಿಣ ಕ್ಯಾಲಿಫೋರ್ನಿಯಾದ ಪಾಲೋಸ್ ವರ್ಡೆಸ್‌ನಲ್ಲಿ 2013ರಿಂದ ನಡೆದ ಕೆಲಸದಲ್ಲಿ ನೇರಳೆ ಅರ್ಚಿನ್‌ಗಳನ್ನು ಚದರ ಮೀಟರಿಗೆ 2ಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದ್ದರು, ಇಳಿಸಿದ ಕಡೆ ಕೆಲ್ಪ್ ಬೇಗ ಮರಳಿತು. ಅರ್ಚಿನ್ ಜಾತಿ ದೊಡ್ಡದಾದಷ್ಟೂ ಈ ಸಂಖ್ಯೆ ಇನ್ನೂ ಕೆಳಗಿರಬೇಕು.

ಜಾಗ ಆರಿಸುವಾಗ ಸುತ್ತ ಮರಳು ಇರುವ ಕಲ್ಲುದಿಬ್ಬ ಸಿಕ್ಕರೆ ಅದನ್ನೇ ಹಿಡಿಯಿರಿ. ಅರ್ಚಿನ್‌ಗೆ ಮರಳಿನ ಮೇಲೆ ಸಾಗುವುದು ಕಷ್ಟ, ಹಾಗಾಗಿ ಮರಳೇ ಬೇಲಿಯಾಗುತ್ತದೆ. ಅಂಥ ಜಾಗವಿಲ್ಲದಿದ್ದರೆ ಉಳಿದಿರುವ ಕೆಲ್ಪ್ ಗುಂಪಿನ ಅಂಚಿನಿಂದ ಶುರುಮಾಡಿ ಹೊರಕ್ಕೆ ಹೋಗಿ. ತೆರೆದ ಕಲ್ಲಿಗೆ ಬೀಜಕ ಪಕ್ಕದಲ್ಲೇ ಸಿಗುತ್ತದೆ. ತಳಕ್ಕೆ ಹಗ್ಗ ಕಟ್ಟಿ 10 ಮೀಟರ್ ಚೌಕಗಳಾಗಿ ವಿಂಗಡಿಸಿ, ಇಬ್ಬರು ಡೈವರ್‌ಗಳ ಜೋಡಿ ಒಂದು ಚೌಕ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗಲಿ. ಹಗ್ಗವಿಲ್ಲದೆ ಈಜಿದರೆ ಒಂದೇ ಕಡೆ ಎರಡು ಸಲ ಹೋಗಿ, ಇನ್ನೊಂದು ಕಡೆ ಪೂರ್ತಿ ಬಿಟ್ಟುಹೋಗುತ್ತದೆ.

ಉದ್ದ ಹಿಡಿಯ, ಮೊನೆಯಿರುವ ಸಣ್ಣ ಸುತ್ತಿಗೆಯಿಂದ ಅಲ್ಲೇ ಒಡೆಯುವುದು ಅತಿ ವೇಗದ ವಿಧಾನ. ಬಿರುಕುಗಳೊಳಗೆ ಕೈ ಹೋಗದಲ್ಲಿ ಕೊಕ್ಕೆಯಿರುವ ಕಡ್ಡಿ ಬೇಕು. ಚಿಪ್ಪು ಪೂರ್ತಿ ಒಡೆಯಬೇಕು, ಮುಳ್ಳು ಮುರಿದರೆ ಸಾಲದು. ದಪ್ಪ ಕೈಗವಸು ಬೇಕೇ ಬೇಕು. ಒಡೆದದ್ದನ್ನು ತಿನ್ನಲು ಮೀನುಗಳು ಮುತ್ತಿಕೊಳ್ಳುತ್ತವೆ. ಅರ್ಚಿನ್‌ಗಳ ಮೊಟ್ಟೆಯಿಡುವ ಕಾಲ ತಪ್ಪಿಸುವುದು ಒಳ್ಳೆಯದು. ಬಯಲಿನ ಬತ್ತಿದ ಅರ್ಚಿನ್‌ಗಳಲ್ಲಿ ಮೊಟ್ಟೆ ಕಡಿಮೆ, ಆದರೂ ಕಾಡಿನ ಅಂಚಿನಲ್ಲಿ ಮೇದು ಕೊಬ್ಬಿದವು ಇರುತ್ತವೆ. ಸುಟ್ಟ ಸುಣ್ಣ ಸುರಿದು ಕೊಲ್ಲುವ ಪ್ರಯೋಗಗಳೂ ನಡೆದಿವೆ. ಅದು ನಕ್ಷತ್ರಮೀನುಗಳನ್ನೂ ಸುಡುತ್ತದೆ. ಅರ್ಚಿನ್ ತಿನ್ನುವ ಜೀವಿಗಳೇ ಸತ್ತರೆ ಮುಂದೆ ಕಾವಲು ಯಾರು? ಸುತ್ತಿಗೆಯ ಕೆಲಸ ಸಾಧ್ಯವಿರುವಲ್ಲಿ ಸುಣ್ಣದ ದಾರಿ ಹಿಡಿಯಬಾರದು ಎಂಬುದೇ ನಮ್ಮ ನಿಲುವು.

ಒಂದೇ ಸಲಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. 2 ಸೆಂ.ಮೀ.ಗಿಂತ ಸಣ್ಣವು ಕಲ್ಲಿನ ಅಡಿಯಲ್ಲಿ ಅಡಗಿ ಎಣಿಕೆಗೇ ಸಿಕ್ಕಿರುವುದಿಲ್ಲ, ದೊಡ್ಡವು ಹೋದ ಮೇಲೆ ಹೊರಬರುತ್ತವೆ. ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಇಳಿದು ಎಣಿಸಿ, ಒಡೆಯಿರಿ. ಎರಡು ಎಣಿಕೆ ಸತತವಾಗಿ ಗುರಿಗಿಂತ ಕೆಳಗೆ ಬಂದ ಮೇಲೆಯೇ ಬಿತ್ತನೆಯ ಮಾತು. ಈ ಕೆಲಸ ಗಿಡ ಬೀಜಕ ಬಿಡುವ ಕಾಲಕ್ಕೆ ಒಂದೆರಡು ತಿಂಗಳು ಮುಂಚೆ ಮುಗಿಯುವಂತೆ ದಿನ ಹಾಕಿಕೊಳ್ಳಿ. ತಡವಾದರೆ ತೆರೆದ ಕಲ್ಲನ್ನು ಹುಲ್ಲುಪಾಚಿ ಆಕ್ರಮಿಸುತ್ತದೆ.

ಬೀಜಕ ಕೊಯ್ಯುವುದು, ಬಿಡಿಸುವುದು

ತಾಯಿಗಿಡಗಳು ನಿಮ್ಮ ಜಾಗದ ನೀರಿಗೆ ಹೊಂದಿಕೊಂಡ ತಳಿಯವೇ ಆಗಿರಬೇಕು, ಜೊತೆಗೆ ಸಂಖ್ಯೆಯೂ ಹೆಚ್ಚಿರಬೇಕು. ಅಲಾಸ್ಕಾದ ಕೆಲ್ಪ್ ಕೃಷಿಯಲ್ಲಿ 50 ಕಿ.ಮೀ. ಒಳಗಿನ ಕನಿಷ್ಠ 50 ಗಿಡಗಳಿಂದ ಬೀಜಕ ತೆಗೆಯುವ ನಿಯಮವಿದೆ. ಪುನಶ್ಚೇತನಕ್ಕೂ ಅದು ಒಳ್ಳೆಯ ಅಳತೆ. ನಾಲ್ಕೈದು ಗಿಡಗಳ ಸಂತಾನದಿಂದ ಎಬ್ಬಿಸಿದ ಕಾಡು ಮುಂದಿನ ಬಿಸಿಗಾಳಿಗೆ ಒಟ್ಟಿಗೇ ಸಾಯಬಹುದು. ಟಾಸ್ಮೇನಿಯಾದಲ್ಲಿ ದೈತ್ಯ ಕೆಲ್ಪ್ ಸುಮಾರು ಶೇ. 95 ಅಳಿದ ಮೇಲೆ, ಉಳಿದ ಗಿಡಗಳಲ್ಲಿ ಬಿಸಿ ತಾಳುವ ತಳಿಗಳನ್ನು ಪ್ರಯೋಗಾಲಯದಲ್ಲಿ ಆರಿಸಿ ನೆಡುವ ಕೆಲಸ ನಡೆದಿದೆ.

ಒಂದು ಗಿಡದಿಂದ ಸೋರಸ್ ಇರುವ ಒಂದೆರಡು ತುಂಡು ಎಲೆ ಮಾತ್ರ ಕೊಯ್ಯಿರಿ. ಎಕ್ಲೋನಿಯಾ, ಲ್ಯಾಮಿನೇರಿಯಾ ಜಾತಿಗಳಲ್ಲಿ ಬೆಳೆಯುವ ಭಾಗ ಎಲೆ ಮತ್ತು ಕಾಂಡ ಸೇರುವ ಜಾಗದಲ್ಲಿದೆ. ಅದರ ಕೆಳಗೆ ಕೊಯ್ದರೆ ಗಿಡವೇ ಸಾಯುತ್ತದೆ. ಒಂದು ಗೇಣು ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ.

ಕೊಯ್ದ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪುಪೆಟ್ಟಿಗೆಯಲ್ಲಿ ತನ್ನಿ. ಮಂಜುಗಡ್ಡೆ ನೇರ ತಾಗಬಾರದು. ಸಿಹಿನೀರೂ ತಾಗಬಾರದು, ಬೀಜಕ ಒಡೆದುಹೋಗುತ್ತದೆ. ಸೋರಸ್ ಭಾಗವನ್ನಷ್ಟೇ ಕತ್ತರಿಸಿ, ಎರಡೂ ಮೈಯನ್ನು ಕಾಗದದ ಟವೆಲ್‌ನಿಂದ ಒರೆಸಿ, ತುಂಬ ತೆಳುಮಾಡಿದ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅರ್ಧ ನಿಮಿಷ ಅದ್ದಿ, ಸೋಸಿ ಶುದ್ಧಮಾಡಿದ ಸಮುದ್ರದ ನೀರಲ್ಲಿ ಮೂರು ಸಲ ತೊಳೆಯಿರಿ. ಈ ಹೆಜ್ಜೆ ಬಿಟ್ಟರೆ ಎಲೆಯ ಮೇಲಿನ ಡಯಾಟಮ್‌ಗಳು (ಒಂದೇ ಕೋಶದ ಸೂಕ್ಷ್ಮ ಪಾಚಿಗಳು) ಸಸಿ ಬೆಳೆಸುವ ತೊಟ್ಟಿಯೊಳಗೆ ಬಂದು, ಮೂರನೇ ವಾರಕ್ಕೆ ಕಂದು ಲೋಳೆಯಾಗಿ ಎಲ್ಲವನ್ನೂ ಮುಚ್ಚುತ್ತವೆ. ನರ್ಸರಿ ಹಾಳಾಗುವುದು ಹೆಚ್ಚಾಗಿ ಹೀಗೆಯೇ.

ತೊಳೆದ ತುಂಡುಗಳನ್ನು ಒಣ ಕಾಗದದ ನಡುವೆ ಪದರ ಪದರವಾಗಿಟ್ಟು, ಕತ್ತಲಲ್ಲಿ, 5ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅವನ್ನು ಸೋಸಿದ ಸಮುದ್ರದ ನೀರಿಗೆ ಹಾಕಿದಾಗ ಬೀಜಕಗಳು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೊರಬರುತ್ತವೆ, ನೀರು ಮಸುಕಾದ ಕಂದಾಗುತ್ತದೆ. ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಡಿ: ಹೆಸರುಕಾಳಿನ ಆಕಾರದ ಕಣಗಳು ಅತ್ತಿತ್ತ ಸರಸರನೆ ಓಡಾಡುತ್ತಿದ್ದರೆ ಸರಿ. ಗುಂಡಗಾಗಿ ನಿಂತಿದ್ದರೆ ಅವು ಆಗಲೇ ಕೂರಲು ಶುರುಮಾಡಿವೆ ಅಥವಾ ಸತ್ತಿವೆ. ತುಂಡುಗಳನ್ನು ಗಂಟೆಗಟ್ಟಲೆ ನೀರಲ್ಲೇ ಬಿಟ್ಟರೆ ಲೋಳೆ ಬಿಟ್ಟು ನೀರು ಕೆಡುತ್ತದೆ. ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಹೀಮೋಸೈಟೋಮೀಟರಿನಲ್ಲಿ (ಸೂಕ್ಷ್ಮ ಕಣ ಎಣಿಸಲು ಗೆರೆ ಹಾಕಿದ ಗಾಜಿನ ಪಟ್ಟಿ) ಎಣಿಸಿ, ಮಿಲಿಲೀಟರಿಗೆ 5,000ದಿಂದ 10,000 ಬೀಜಕ ಇರುವಂತೆ ತೆಳುಮಾಡಿ.

ಯಾವ ವಿಧಾನ, ಯಾವ ಜಾಗಕ್ಕೆ

ಬೀಜಕ ಚೀಲ ಎಲ್ಲಕ್ಕಿಂತ ಸರಳ, ನರ್ಸರಿ ಬೇಡ. ಸೋರಸ್ ತುಂಬಿದ 10–15 ಎಲೆಗಳನ್ನು ಒಂದು ಬಲೆಚೀಲಕ್ಕೆ ಹಾಕಿ, ಕೆಳಗೆ ಭಾರ, ಮೇಲೆ ಸಣ್ಣ ತೇಲುಗುಂಡು ಕಟ್ಟಿ, ಚೀಲ ತಳದಿಂದ ಒಂದು ಮೀಟರ್ ಮೇಲೆ ನಿಲ್ಲುವಂತೆ ಇಳಿಬಿಡಿ. ನೀರಿನ ಹರಿವು ಬರುವ ಕಡೆಯಲ್ಲಿ, ತೆರೆದ ಕಲ್ಲಿಗೆ ಹತ್ತಿರ ಇಡಿ. ಒಂದರಿಂದ ಎರಡು ವಾರದಲ್ಲಿ ಎಲೆ ಕೊಳೆಯುತ್ತದೆ, ಚೀಲ ತಪ್ಪದೆ ಹೊರತೆಗೆಯಿರಿ. ಒಂದೇ ಚೀಲದಿಂದ ಸುತ್ತಲಿನ ಕೆಲವು ಮೀಟರ್ ಜಾಗಕ್ಕಷ್ಟೇ ಸಾಕಷ್ಟು ಒತ್ತಾಗಿ ಬೀಜಕ ಬೀಳುತ್ತದೆ, ಹಾಗಾಗಿ ಚೀಲಗಳನ್ನು ಹತ್ತಿರಹತ್ತಿರ ಗುಂಪಾಗಿ ಇಡಬೇಕು. ಹೂಳಿರುವ, ಹುಲ್ಲುಪಾಚಿ ಮುಚ್ಚಿದ ಕಲ್ಲಿಗೆ ಈ ವಿಧಾನ ನಿಷ್ಪ್ರಯೋಜಕ. ಅಂಥಲ್ಲಿ ಮೊದಲು ತಂತಿ ಬ್ರಷ್‌ನಿಂದ ಕಲ್ಲು ಉಜ್ಜಬೇಕು.

ಹಸಿರು ಜಲ್ಲಿ ಎಂಬುದು ನಾರ್ವೆಯಲ್ಲಿ ಸ್ಯಾಕರೀನಾ ಕೆಲ್ಪಿನ ಮೇಲೆ ರೂಪುಗೊಂಡ ವಿಧಾನ, 2020ರಲ್ಲಿ ಅದರ ವರದಿ ಬಂತು. 2ರಿಂದ 5 ಸೆಂ.ಮೀ. ಗಾತ್ರದ, ಮೈ ತುಸು ಒರಟಾದ ಜಲ್ಲಿಕಲ್ಲುಗಳನ್ನು ತೊಳೆದು, ಕುದಿಸಿ, ಆರಿಸಿ, ತೊಟ್ಟಿಯ ತಳದಲ್ಲಿ ಒಂದೇ ಪದರವಾಗಿ ಹರಡಿ. ಮೇಲೆ ಬೀಜಕದ ನೀರು ಹಾಕಿ ಒಂದು ದಿನ ಮಂದ ಬೆಳಕಿನಲ್ಲಿ ಅಲುಗಾಡಿಸದೆ ಬಿಡಿ. ಆಮೇಲೆ ಪೋಷಕಾಂಶ ಬೆರೆಸಿದ ಸಮುದ್ರದ ನೀರು (ಎಫ್/2 ಅಥವಾ ಪ್ರೊವಾಸೋಲಿ ದ್ರಾವಣ), 10ರಿಂದ 12 ಡಿಗ್ರಿ ತಂಪು, ಹಗಲು 12 ಗಂಟೆ ಬೆಳಕು. ಮೊದಲ ವಾರ ಬೆಳಕು ಚದರ ಮೀಟರಿಗೆ ಸೆಕೆಂಡಿಗೆ 20 ಮೈಕ್ರೋಮೋಲ್ (ಬೆಳಕಿನ ಕಣಗಳ ಅಳತೆ) ಆಸುಪಾಸಿನಲ್ಲಿರಲಿ, ನಿಧಾನವಾಗಿ 50–60ಕ್ಕೆ ಏರಿಸಿ. ವಾರಕ್ಕೊಮ್ಮೆ ನೀರು ಬದಲಿಸಿ, ಎರಡನೇ ವಾರದಿಂದ ಗಾಳಿ ಗುಳ್ಳೆ ಬಿಡಿ. ಡಯಾಟಮ್ ಕಂಡರೆ ಜರ್ಮೇನಿಯಂ ಡೈಆಕ್ಸೈಡನ್ನು ಅತ್ಯಲ್ಪ ಪ್ರಮಾಣದಲ್ಲಿ ಹಾಕಬಹುದು, ಹೆಚ್ಚಾದರೆ ಕೆಲ್ಪಿಗೂ ಪೆಟ್ಟು. ಬಿತ್ತುವ ದಿನ ಇನ್ನೂ ದೂರವಿದ್ದರೆ ಗ್ಯಾಮೆಟೋಫೈಟ್‌ಗಳನ್ನು ಕೆಂಪು ಬೆಳಕಿನಲ್ಲಿಟ್ಟು ತಡೆಹಿಡಿಯಬಹುದು: ಅವು ಬೆಳೆಯುತ್ತಲೇ ಇರುತ್ತವೆ, ಫಲ ಕಟ್ಟುವುದಿಲ್ಲ. ನೀಲಿ ಬೆಳಕು ಸೇರಿದ ಬಿಳಿ ಬೆಳಕಿಗೆ ತಂದಾಗ ಫಲ ಶುರುವಾಗುತ್ತದೆ.

ಎರಡು-ಮೂರು ತಿಂಗಳಲ್ಲಿ ಸಸಿ 2–3 ಸೆಂ.ಮೀ. ಆಗುತ್ತದೆ, ಆಗ ದೋಣಿಯಿಂದಲೇ ಸುರಿಯಬಹುದು. ಹಿಡಿಬುಡ ಬೆಳೆದು ಜಲ್ಲಿಯನ್ನು ದಾಟಿ ಕೆಳಗಿನ ಬಂಡೆಯನ್ನು ಹಿಡಿಯಬೇಕು, ಗೆಲುವು ನಿಂತಿರುವುದು ಅದರ ಮೇಲೆ. ಅಲೆ ಜೋರಿರುವಲ್ಲಿ ಸಣ್ಣ ಜಲ್ಲಿ ಉರುಳಿ ಸಸಿ ಉಜ್ಜಿಹೋಗುತ್ತದೆ; ಮುಷ್ಟಿಗಾತ್ರದ ಕಲ್ಲು ಬಳಸಿ, ಡೈವರ್ ಕೈಯಿಂದ ಬಿರುಕುಗಳಲ್ಲಿ ಇಡಬೇಕು. ಗಾಳಿಗುಳ್ಳೆ ಇರುವ ಮ್ಯಾಕ್ರೋಸಿಸ್ಟಿಸ್, ಬುಲ್ ಕೆಲ್ಪ್‌ಗಳಿಗೆ ಸಡಿಲ ಜಲ್ಲಿ ಸರಿಹೊಂದದು, ಗಿಡ ಬೆಳೆದಾಗ ಕಲ್ಲನ್ನೇ ಎತ್ತಿಕೊಂಡು ತೇಲಿಹೋಗುತ್ತದೆ. ಅವಕ್ಕೆ ಬೀಜಕ ಬಿತ್ತಿದ ದಾರವನ್ನು ಬಂಡೆಗೆ ಬಿಗಿಯಬೇಕು.

ದೊಡ್ಡ ಗಿಡಗಳನ್ನೇ ತಂದು ನೆಡುವುದು ದುಬಾರಿ. ಆದರೆ ಫಿಲ್ಲೋಸ್ಪೋರಾದಂಥ ಜಾತಿಗಳಿಗೆ ಇದೇ ಸರಿಯಾದ ದಾರಿ. ಹಿಡಿಬುಡ ಹರಿಯದಂತೆ ಚಪ್ಪಟೆ ಅಲಗಿನಿಂದ ಕಲ್ಲಿನಿಂದ ಬಿಡಿಸಿ, ಸಮುದ್ರದ ನೀರು ತುಂಬಿದ ನೆರಳಿನ ತೊಟ್ಟಿಯಲ್ಲಿ ಸಾಗಿಸಿ, ಅದೇ ದಿನ ನೆಡಿ. ಬಂಡೆಗೆ ಬೋಲ್ಟ್ ಹಾಕಿ ಕೂರಿಸಿದ ಬಲೆಚಾಪೆಗೆ ಕೇಬಲ್ ಟೈಯಿಂದ ಹಿಡಿಬುಡವನ್ನು ಕಟ್ಟಿ. ಕಾಂಡವನ್ನು ಬಿಗಿದರೆ ಮೊದಲ ದೊಡ್ಡ ಅಲೆಗೇ ಕುಯ್ದುಹೋಗುತ್ತದೆ. ಚದರ ಮೀಟರಿಗೆ ಹತ್ತಕ್ಕೂ ಹೆಚ್ಚು ಗಿಡ ಬರಲಿ, ಗಂಡು-ಹೆಣ್ಣು ಸಮವಾಗಿ ಬೆರೆತಿರಲಿ.

ನೆಟ್ಟ ಮೇಲೆ

ಮೊದಲ ಎರಡು ತಿಂಗಳು ಎರಡು ವಾರಕ್ಕೊಮ್ಮೆ ಇಳಿಯಿರಿ. ಆಗ ನೋಡಬೇಕಾದ್ದು ಅಂಚಿನಿಂದ ನುಗ್ಗುವ ಅರ್ಚಿನ್, ಮೀನಿನ ಕಚ್ಚು, ಸಡಿಲವಾದ ಕಟ್ಟು. ಮೀನು ಕಾಟವಿದ್ದರೆ ಬಲೆಗೂಡು ಹಾಕಬಹುದು, ಆದರೆ ಗೂಡಿನ ಮೇಲೆ ಪಾಚಿ ಬೆಳೆದು ಬೆಳಕು ಮುಚ್ಚುತ್ತದೆ, ಪ್ರತಿ ಭೇಟಿಯಲ್ಲೂ ಉಜ್ಜಲೇಬೇಕು. ಉಜ್ಜಲು ಆಗದಿದ್ದರೆ ಗೂಡು ಹಾಕದಿರುವುದೇ ಮೇಲು. ದೊಡ್ಡ ಕೆಲ್ಪ್ ನಡುವೆ ಕೆಲಸ ಮಾಡುವಾಗ ಎಲೆ ಸಲಕರಣೆಗೆ ಸುತ್ತಿಕೊಂಡರೆ ತಿರುಗಾಡದೆ ನಿಂತು, ಕೈಯಿಂದ ಮುರಿದು ಬಿಡಿಸಿಕೊಳ್ಳಿ, ತಿರುಗಿದಷ್ಟೂ ಸುತ್ತಿಕೊಳ್ಳುತ್ತದೆ. ಚಾಕು ಕೈಗೆಟುಕುವಲ್ಲಿರಲಿ, ಒಬ್ಬರೇ ಇಳಿಯಬೇಡಿ.

3, 6, 12 ತಿಂಗಳಿಗೆ ಮೊದಲಿನ ಪಟ್ಟಿಗಳಲ್ಲೇ, ಹೋಲಿಕೆಯ ಜಾಗದಲ್ಲೂ ಎಣಿಸಿ. ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದವು ಎಂಬ ಸಂಖ್ಯೆ ಕೇಳಲು ಚೆನ್ನಾಗಿರುತ್ತದೆ, ಅದರಿಂದ ಕಾಡು ನಿಂತಿತೆಂದು ತಿಳಿಯುವುದಿಲ್ಲ. ನೆಟ್ಟ ಗಿಡಗಳ ಸುತ್ತ ನೀವು ನೆಡದ ಮರಿಗಳನ್ನು ಹುಡುಕಿ. ಅಂಗೈಗಿಂತ ಚಿಕ್ಕದಾದ, ಒಂದೇ ಎಲೆಯ, ಬೋಲ್ಟಿಗೂ ಚಾಪೆಗೂ ಅಂಟದೆ ಬರಿಕಲ್ಲಿನ ಮೇಲೆ ಎದ್ದು ನಿಂತ ಮರಿಗಳನ್ನು ಬೇರೆಯಾಗಿ ಎಣಿಸಿ. ಆ ಮರಿಗಳು ಬಲಿತು, ಅವುಗಳ ಎಲೆಯ ಮೇಲೂ ಸೋರಸ್ ಮೂಡಿತು ಎಂದರೆ ಚಾಪೆ, ಬೋಲ್ಟ್, ದಾರ, ಕೇಬಲ್ ಟೈ ಎಲ್ಲವನ್ನೂ ಬಿಚ್ಚಿ ದಡಕ್ಕೆ ತನ್ನಿ. ಎರಡು ವರ್ಷವಾದರೂ ಒಂದು ಮರಿಯೂ ಕಾಣದಿದ್ದರೆ ಇನ್ನಷ್ಟು ನೆಡಲು ಹೋಗಬೇಡಿ. ಲಾಗರಿನ ಉಷ್ಣಾಂಶ, ಅರ್ಚಿನ್ ಎಣಿಕೆ, ಕಲ್ಲಿನ ಮೇಲಿನ ಹೂಳು ಈ ಮೂರನ್ನು ಮುಂದಿಟ್ಟುಕೊಂಡು ಕಾರಣವನ್ನು ಮೊದಲಿಂದ ಹುಡುಕಿ.